ಅಡ್ಡಕೊಯ್ತ

ಕಳೆ ಕೀಳುವ ತಿಂಗಳಲ್ಲಿ ಹುಟ್ಟಿದವಳು,
ಅದಕ್ಕೇ ಅಡೋಯೊ.
ಲುವೋ ಜನರಲ್ಲಿ ಹಾಗೆ: ಹುಟ್ಟಿದ ಹೊತ್ತೇ ಹೆಸರು,
ಬೇರೆ ಹುಡುಕಬೇಕಾಗಿಲ್ಲ.
ಮೂವತ್ತೊಂದು ವರ್ಷದ ಮೇಲೆ, ಕಿಸುಮು ಊರಿನಲ್ಲಿ,
ಸೀಮೆಂಟು ಮೇಜಿನ ಮೇಲೆ ಕಳೆಯನ್ನೇ ಹರವಿಕೊಂಡು
ಕೂತಿದ್ದಾಳೆ, ಕ್ಷೌರದಂಗಡಿಯ ಅರ್ಧ ಬ್ಲೇಡು ಹಿಡಿದು.

ನಮ್ಮಲ್ಲಿ ಇದಕ್ಕೆ ಅಂತರಗಂಗೆ ಎನ್ನುತ್ತಾರೆ.
ಅವಳ ಅಣ್ಣ ಒಬಿಯೆರೊ ಇದನ್ನು ಕರೆಯುವ ಹೆಸರು
ಇಲ್ಲಿ ಬರೆಯುವಂಥದ್ದಲ್ಲ.

ಊದಿದ ತೊಟ್ಟು. ಒತ್ತಿದರೆ ಮೆತ್ತಗೆ,
ಕೊಯ್ದರೆ ಸಣ್ಣ ಸದ್ದು, ಹುರಿಗಾಳು ಕಡಿದಂತೆ.
ನೂರರಲ್ಲಿ ತೊಂಬತ್ತೈದು ಪಾಲು ನೀರು;
ಮಿಕ್ಕ ಐದರಲ್ಲೇ ಸಂಸಾರ ನಡೆಸುತ್ತದೆ,
ಸಾಲದ್ದಕ್ಕೆ ಹೂ ಬೇರೆ,
ಒಂದು ದಳದ ನಡುವೆ ಹಳದಿ ಬೊಟ್ಟು ಇಟ್ಟುಕೊಂಡು.

ಈರುಳ್ಳಿ ಪೊರೆಗಿಂತ ತೆಳ್ಳನೆಯ ಚೂರು,
ಅದರ ಮೇಲೆ ಒಂದು ಹನಿ ಕೆಂಪು ಬಣ್ಣ.
ಕಣ್ಣಿಟ್ಟಳು.

ಕೋಣೆ.
ಕೋಣೆಯ ಮಗ್ಗುಲಿಗೆ ಕೋಣೆ.
ಒಂದೇ ಕೋಶದ ದಪ್ಪದ ಗೋಡೆಗಳು,
ಒಳಗೆ ಬರಿ ಗಾಳಿ, ಬಾಡಿಗೆ ಇಲ್ಲದೆ.
ಕೆಂಪು ಹಿಡಿದದ್ದು ನಾಳಗಳ ಸುತ್ತ ನಾಲ್ಕಾರು ಉಂಗುರಕ್ಕೆ ಮಾತ್ರ.
ಮರವಾಗುವ ಹಂಬಲವೇ ಇಲ್ಲ ಇದಕ್ಕೆ;
ಲಿಗ್ನಿನ್ನನ್ನು ಬಡವರ ಮನೆಯ ತುಪ್ಪದಂತೆ
ಬೆರಳ ತುದಿಯಷ್ಟು ಸವರಿಕೊಂಡಿದೆ.

ಆಮೇಲೆ ಕಂಡಿತು, ಗೋಡೆಯಿಂದ ಖಾಲಿಗೆ ಚಾಚಿದ ಸೂಜಿ.
ಕ್ಯಾಲ್ಸಿಯಂ ಆಕ್ಸಲೇಟಿನ ಹರಳು.
ಅರೆಬೆಂದ ಕೆಸುವಿನ ಸೊಪ್ಪು ತಿಂದ ಗಂಟಲಿಗೆ ಇದರ ಪರಿಚಯವಿದೆ,
ಹುಣಸೆಹುಳಿ ಹಿಂಡಿ ಇದನ್ನು ಸುಮ್ಮನಾಗಿಸಿದ ಕೈಗಳಿಗೂ.
ಅಡೋಯೊಗೆ ಹುಣಸೆ ನೆನಪಾಗುವುದಿಲ್ಲ.
ಸೂಜಿಯ ಉದ್ದ ಅಳೆದಳು, ಬರೆದಳು.

ಬೇರಿನದು ಬೇರೆ ಕಥೆ.
ಗರಿಗರಿಯಾಗಿ ಇಳಿಬಿದ್ದ ಕಪ್ಪು,
ಬೆಳಕಿಗೆ ಹಿಡಿದರೆ ನೇರಳೆ ಹಣ್ಣು ತಿಂದ ನಾಲಗೆ,
ಬಣ್ಣವೂ ಅದೇ ಜಾತಿಯದು, ಆಂಥೋಸಯನಿನ್.
ಸಾವಿರ ಗ್ರಾಂ ಗಿಡ ಒಣಗಿ ಐವತ್ತಾಯಿತು,
ಐವತ್ತು ಸುಟ್ಟು ಒಂಬತ್ತು ಗ್ರಾಂ ಬೂದಿ.
ಬೂದಿಯಲ್ಲಿ ಪೊಟ್ಯಾಷಿಯಂ, ಸುಣ್ಣ, ಮತ್ತೆ
ಹಳೆ ಬ್ಯಾಟರಿ ಬಿಚ್ಚುವ ಅಂಗಡಿ ಸಾಲಿನಿಂದ
ಚರಂಡಿ ಹಿಡಿದು ಬಂದು ಬೇರಿಗೆ ಕಚ್ಚಿದ್ದು:
ಸೀಸದಕಡ್ಡಿಯಲ್ಲಿ ‘ಸೀಸ’ ಎಂದು ಬರೆದಳು,
ಸೀಸವೇ ಇಲ್ಲದ ಕಡ್ಡಿಯಲ್ಲಿ.

ಬಾಗಿಲಲ್ಲಿ ಒಬಿಯೆರೊ.
ಎರಡು ರಾತ್ರಿ ದೋಣಿ ಹಸಿರಲ್ಲಿ ಹೂತು,
ಹುಟ್ಟು ಹಾಕಿದರೆ ನೀರೇ ಸಿಗದೆ,
ಬಲೆಯನ್ನು ಅಲ್ಲೇ ಕತ್ತರಿಸಿ ಬಂದಿದ್ದಾನೆ.
ಅಂಗಿಯ ತೋಳಲ್ಲಿ ಮೀನಿನ ವಾಸನೆ ಮಾತ್ರ ಉಳಿದಿದೆ.

‘ಬಾ, ನೋಡು’ ಎಂದಳು.
‘ಏನೂ ಇಲ್ಲ. ಬೇಲಿ ಇದೆ.’
‘ಅದು ನಿನ್ನ ರೆಪ್ಪೆ. ಕಣ್ಣು ಹತ್ತಿರ ತಾ.’

ತುಂಬ ಹೊತ್ತು ನೋಡಿದ.
‘ಒಂದು ಕೋಣೆಗೆ ನೀರು ನುಗ್ಗಿದರೆ ಪಕ್ಕದ್ದು ತೇಲಿಸುತ್ತದೆ.
ಇದನ್ನು ಕಟ್ಟಿದವನು ನಮ್ಮ ಬಡಗಿಗಿಂತ ಜಾಣ.’
ಹೊಗಳಿದೆನಲ್ಲ ಎಂದು ತನ್ನ ಮೇಲೇ ಸಿಟ್ಟಾಗಿ
‘ಕೊಲ್ಲುವುದು ಹೇಗೆ, ಅದು ಹೇಳು.’

‘ಒಂದು ಮೂತಿಹುಳ ಇದೆ. ತೊಟ್ಟು ಕೊರೆಯುತ್ತದೆ.’
‘ಎಷ್ಟು ದಿನ?’
‘ವರ್ಷಗಳು.’
ನಗಲು ಹೋಗಿ ಕೆಮ್ಮಿದ. ಟೋಪಿ ಎತ್ತಿಕೊಂಡ.

ಅವನು ಹೋದ ಮೇಲೆ ಮೇಜಿನಲ್ಲಿ
ತೋಳಿನಿಂದ ಉದುರಿದ ಒಂದು ಹುರುಪೆ.
ಙೆಗೆ ಮೀನಿನದು.
(ಮಗ್ಗಿಯಂತೆ ಬಾಯಿಪಾಠ ಮಾಡಿ, ಜೀವಮಾನವಿಡೀ
ಒಂದು ಕೆಲಸವನ್ನೂ ಕೊಡದ ಆ ಅಕ್ಷರಕ್ಕೆ
ಕೊನೆಗೂ ಈ ದೂರದ ಸರೋವರದಲ್ಲಿ
ಒಂದು ಮೀನು ಸಿಕ್ಕಿತು.)

ಗಾಜಿನ ಮೇಲೆ ಅದನ್ನೇ ಇಟ್ಟಳು.
ಗೆರೆಯ ಸುತ್ತ ಗೆರೆ, ಬಾವಿಗೆ ಕಲ್ಲು ಬಿಟ್ಟಂತೆ.
ಒಂದು ಕಡೆ ಗೆರೆಗಳು ಒತ್ತೊತ್ತಾಗಿ, ಉಸಿರು ಹಿಡಿದು ನಿಂತಿವೆ:
ಹಸಿರು ಮುಚ್ಚಿ, ನೀರಲ್ಲಿ ಗಾಳಿ ಕಡಿಮೆಯಾದ ತಿಂಗಳುಗಳೇ?
ಗಾಳಿಯೆಲ್ಲ ಆ ಕೋಣೆಗಳಲ್ಲಿದ್ದಾಗ?
ಒಂದು ಹುರುಪೆಯಿಂದ ಹೇಳಲಾಗದು.
ಎಣಿಸಿದಳು, ಬರೆಯಲಿಲ್ಲ.

ಹೊರಗೆ ಅಣ್ಣನ ಸೈಕಲ್ಲು, ಚೈನು ಕಿರ್‍ಗುಟ್ಟಿಕೊಂಡು.
ಬ್ಲೇಡು ಒರೆಸಿ, ನಾಳೆಗೆ ಬೇಕಲ್ಲ,
ಮತ್ತೆ ಅದರ ಕಾಗದದಲ್ಲಿ ಸುತ್ತಿಟ್ಟಳು.